ಅತ್ತೆಗೆ, ಆಮೇಲೆ ಉಳಿದ ಎಲ್ಲರಿಗೂ

ಕಳೆದ ಶನಿವಾರ ಇಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಪೂರ್ತಿ ಕಛೇರಿಗೆ ಪಿಟೀಲು ನುಡಿಸಿದೆ. ವರ್ಣದಿಂದ ಮಂಗಳದವರೆಗೆ. ನಡುವೆ ಒಮ್ಮೆ ಕಮಾನು ಕೆಳಗಿಟ್ಟಿದ್ದು ಮೃದಂಗದವರ ತನಿ ಆವರ್ತನ ಬಂತು ಅಂತ, ನೋವಿಗಲ್ಲ. ಮುಗಿದ ಮೇಲೆ ತುಂಬಾ ಜನ ಬಂದು ಭುಜ ಮುಟ್ಟಿ ನೋಡಿದಿರಿ. ಅಲ್ಲಿ ಮಾತೇ ಹೊರಡಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಭುಜದ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು ಹರಿದಿದ್ದು, ಅದು ವಾಸಿಯಾಗಲಿ ಅಂತ ಹೊಟ್ಟೆಯ ಕೊಬ್ಬು ತೆಗೆದು ಅಲ್ಲಿಗೆ ಇಂಜೆಕ್ಷನ್ ಕೊಟ್ಟಿದ್ದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಅದರ ಮರುದಿನದ ರಾತ್ರಿ.

ಮೊದಲ ದಿನ ಏನೂ ಅನ್ನಿಸಲಿಲ್ಲ, ಮರಗಟ್ಟಿಸಿದ್ದು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಎರಡನೇ ರಾತ್ರಿ ನೋವು ಬಂತು. ಇವರು ಕೆಲಸದ ಮೇಲೆ ಡಲ್ಲಾಸ್‌ಗೆ ಹೋಗಿದ್ದರು. ಮನೆಯಲ್ಲಿ ಮಲಗಿದ್ದ ಮಗಳು, ನಾನು, ಅರಸೀಕೆರೆಯಿಂದ ಬಂದಿದ್ದ ಅತ್ತೆ. ಮಲಗೋಕೆ ಆಗುತ್ತಿರಲಿಲ್ಲ, ಹಾಲ್‌ನಲ್ಲಿದ್ದ ರಿಕ್ಲೈನರ್ ಕುರ್ಚಿಯಲ್ಲೇ ಕೂತಿದ್ದೆ, ಹೊಟ್ಟೆಗೆ ಬಿಗಿದ ಪಟ್ಟಿ ಬೇರೆ. ಕೆಲವು ವಾರ ಅಡ್ವಿಲ್ ಥರದ, ಊತ ಇಳಿಸುವ ನೋವಿನ ಮಾತ್ರೆ ಮುಟ್ಟಬಾರದು, ಶುರುವಿನ ಊತವೂ ಗಾಯ ಮಾಯುವ ಕೆಲಸದ ಭಾಗವೇ, ಟೈಲೆನಾಲ್ (ಪ್ಯಾರಾಸಿಟಮಾಲ್) ಮಾತ್ರ ತಗೊಳ್ಳಿ ಅಂತ ಡಾಕ್ಟರು ಹೇಳಿದ್ದರು. ಇವರು ಅದನ್ನು ಅತ್ತೆಗೆ ಬಿಡಿಸಿ ಹೇಳಿ ಹೋಗಿದ್ದರು. ಅತ್ತೆ ಅಡುಗೆಮನೆಯ ಡಬ್ಬಿಯನ್ನೂ, ತಮ್ಮ ಮಂಡಿನೋವಿಗೆ ಊರಿಂದ ತಂದಿದ್ದ ಮಾತ್ರೆಯನ್ನೂ ಎತ್ತಿಟ್ಟಿದ್ದರು. ಎಲ್ಲಿ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನಡುರಾತ್ರಿ ದಾಟಿದ ಮೇಲೆ ಅತ್ತು ಕೇಳಿದೆ. "ಅತ್ತೆ, ಒಂದೇ ಒಂದು ಕೊಡಿ." ಅವರ ಕಣ್ಣಲ್ಲೂ ನೀರಿತ್ತು. "ತಡ್ಕೋ ಪುಟ್ಟಿ, ಇನ್ನೊಂದು ಸ್ವಲ್ಪ ಹೊತ್ತು" ಅಂದರು, ಕೊಡಲಿಲ್ಲ. ಊಟದ ಮೇಜಿನ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ದಿಂಬಿನ ಮೇಲೆ ನನ್ನ ಕೈ ಇಟ್ಟು, ಅದು ಜಾರದ ಹಾಗೆ ಮೊಣಕೈ ಹಿಡಿದುಕೊಂಡರು. ಮಾತಿಗೆ ಏನೂ ಸಿಗದಿದ್ದಾಗ ತಮ್ಮ ತವರಿನ ರೈಲಿನ ಸ್ಟೇಷನ್‌ಗಳನ್ನು ಹೇಳುತ್ತಾ ಹೋದರು. ಅರಸೀಕೆರೆ, ಬಾಣಾವರ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ. ಒಂದೊಂದು ಸ್ಟೇಷನ್ನಿಗೂ ಯಾರು ಹತ್ತುತ್ತಿದ್ದರು, ಯಾರ ಮದುವೆಗೆ ಹೋಗಿದ್ದು, ಎಲ್ಲ. ಶಿವಮೊಗ್ಗ ಮುಟ್ಟಿದ ಮೇಲೆ ವಾಪಸ್ ಹೊರಟರು.

ಇನ್ನು ಪಿಟೀಲು ಸಾಕು, ಮಾರಿಬಿಡೋಣ ಅಂತ ಆ ರಾತ್ರಿ ಜೋರಾಗಿಯೇ ಹೇಳಿದೆ. ಅದು ನನ್ನ ಅಪ್ಪ ನುಡಿಸುತ್ತಿದ್ದ ಪಿಟೀಲು. ಅಪ್ಪ ಹೋದ ಮೇಲೆ ಅದನ್ನು ಮುಟ್ಟದೆ ಇಷ್ಟು ದಿನ ಇದ್ದದ್ದೇ ಇಲ್ಲ, ಕೈ ಎತ್ತಲಾಗದೆ ಪೆಟ್ಟಿಗೆಯನ್ನು ಸುಮ್ನೆ ನೋಡುತ್ತಾ ಕೂತಾಗ ಅವರು ಇನ್ನೊಂದು ಸಲ ಹೋದ ಹಾಗೆ ಆಗುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ, ಅತ್ತೆಗೆ ಹೇಳಿದೆ. ಅವರು ಸಮಾಧಾನ ಮಾಡೋಕೆ ಹೋಗಲಿಲ್ಲ. "ಬೆಳಗಾಗಲಿ, ಆಮೇಲೆ ಮಾತಾಡೋಣ" ಅಂದರು ಅಷ್ಟೇ. ಬೆಳಗಾದ ಮೇಲೆ ಅವರೂ ಆ ಮಾತು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅವರು ನಿದ್ದೆ ಇಲ್ಲದ ಕಣ್ಣಲ್ಲೇ ಮಗಳಿಗೆ ಡಬ್ಬಿ ಕಟ್ಟಿ ಸ್ಕೂಲ್ ಬಸ್ಸಿಗೆ ಹತ್ತಿಸಿ ಬಂದರು.

ಅತ್ತೆ, ಇದನ್ನು ನಿಮಗೆ ಯಾರಾದರೂ ಓದಿ ಹೇಳುತ್ತಾರೆ. ಶನಿವಾರ ನುಡಿಸಿದ್ದು ನಿಮಗೆ.

ಡಾಕ್ಟರಿಗೆ ನಾನು ಋಣಿಯಾಗಿರುವುದು ಇಂಜೆಕ್ಷನ್ನಿಗಿಂತ ಜಾಸ್ತಿ ಅವರ ನೇರ ಮಾತಿಗೆ. "ನಾವೂ ಮಾಡಿಸಬಹುದಾ" ಅಂತ ಕೇಳಿದವರೆಲ್ಲ ದಯವಿಟ್ಟು ಇದನ್ನು ಓದಿ. ಮಂಡಿ ಸವೆತದ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ಟ್ರಯಲ್ (ರೋಗಿಗಳ ಮೇಲೆ ಚಿಕಿತ್ಸೆಯ ಪರೀಕ್ಷೆ) ನಡೆದು 2023ರಲ್ಲಿ ಪ್ರಕಟವಾಯಿತು. ಕೊಬ್ಬು, ಮೂಳೆಮಜ್ಜೆ, ಹೊಕ್ಕುಳಬಳ್ಳಿ, ಯಾವುದರಿಂದ ತೆಗೆದ ಜೀವಕೋಶವೂ ಒಂದು ವರ್ಷದ ಕೊನೆಗೆ ಮಾಮೂಲಿ ಸ್ಟೆರಾಯ್ಡ್ ಇಂಜೆಕ್ಷನ್ನಿಗಿಂತ ಮೇಲು ಅಂತ ಕಾಣಲಿಲ್ಲ. ಇದನ್ನು ಡಾಕ್ಟರೇ ಮೊದಲ ಭೇಟಿಯಲ್ಲಿ ಹೇಳಿದರು. ಕೊಬ್ಬನ್ನು ಬರೀ ತೊಳೆದು ಚೂರು ಮಾಡುವುದು ಇಟಲಿಯಿಂದ ಬಂದ ವಿಧಾನ, ನನಗೆ ಮಾಡಿದ್ದು ಅದು. ಕಿಣ್ವ ಹಾಕಿ ಕೋಶ ಬೇರ್ಪಡಿಸಿ ಕೊಡುವುದು ಬೇರೆ, ಅದನ್ನು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಔಷಧಿ ಅಂತಲೇ ನೋಡುತ್ತದೆ, 2024ರಲ್ಲಿ ಮೇಲ್ಮನವಿ ಕೋರ್ಟು ಕೂಡ ಆ ಮಾತನ್ನು ಎತ್ತಿಹಿಡಿಯಿತು. ಊರಲ್ಲಿರುವವರು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ನೋಡಿ. ಅನುಮತಿ ಸಿಗದ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಚಿಕಿತ್ಸೆಯನ್ನು ಟ್ರಯಲ್ ಬಿಟ್ಟು ಬೇರೆ ರೀತಿ ಕೊಡುವ ಹಾಗಿಲ್ಲ. ಜಾಹೀರಾತು ನೋಡಿ ಸಾಲ ಮಾಡಬೇಡಿ. ನನಗೆ ವಾಸಿಯಾಗಿದ್ದರಲ್ಲಿ ಅರ್ಧ ಪಾಲು ರಬ್ಬರ್ ಪಟ್ಟಿ ಹಿಡಿಸಿ ದಿನಾ ವ್ಯಾಯಾಮ ಮಾಡಿಸಿದ ಫಿಸಿಯೋ ಅವರದು ಅಂತ ನಾನು ನಂಬಿದ್ದೇನೆ.

ಇನ್ಶೂರೆನ್ಸ್ ಕೊಡದಿದ್ದಾಗ ಕೇಳುವ ಮೊದಲೇ ದುಡ್ಡು ಕಳಿಸಿದ ತುಮಕೂರಿನ ಭಾವ, ಸಾರು ಪಲ್ಯ ತಂದಿಟ್ಟ ಕನ್ನಡ ಕೂಟದ ಗೆಳತಿಯರು, ನನ್ನ ಪಿಟೀಲು ಕ್ಲಾಸಿನ ಮಕ್ಕಳಿಗೆ ಪಾಠ ತಪ್ಪದ ಹಾಗೆ ನೋಡಿಕೊಂಡ ಹಿರಿಯ ಶಿಷ್ಯರು, ಪ್ರತಿ ಸಂಜೆ ಪಾತ್ರೆ ತೊಳೆದ ಇವರು, ಎಲ್ಲರಿಗೂ ಮನಸಾರೆ ನಮಸ್ಕಾರ.

ಬರುವ ಭಾನುವಾರದಿಂದ ಕ್ಲಾಸು ಮತ್ತೆ ಶುರು, ಬೆಳಗ್ಗೆ ಹತ್ತಕ್ಕೆ. ಮಕ್ಕಳು ತಂತಿ ನೋಡಿಕೊಂಡು ಬನ್ನಿ. ಮೊದಲ ಪಾಠ ಸರಳೆ ವರಸೆಯಿಂದಲೇ ಹಿಡಿಯೋಣ, ನನಗೂ ಅದೇ ಬೇಕು.