ಅಮ್ಮನ ನಾಲ್ಕು ಭಾಷೆಗಳ ಕಥೆಯನ್ನೂ ಕೇಳಿ

ಮಾನ್ಯರೇ,

ನನ್ನ ಅಮ್ಮನಿಗೆ ಈಗ 84 ವರ್ಷ. ಹುಟ್ಟಿದ್ದು ಕಾಸರಗೋಡಿನ ಹತ್ತಿರದ ಒಂದು ಹಳ್ಳಿಯಲ್ಲಿ. ಅವರು ಶಾಲೆಗೆ ಹೋಗುತ್ತಿದ್ದಾಗಲೇ, 1956ರ ನವೆಂಬರ್ 1ರಂದು, ಊರು ಕೇರಳಕ್ಕೆ ಸೇರಿತು. ಮನೆಯಲ್ಲಿ ಹವ್ಯಕ ಕನ್ನಡ, ತೋಟದಲ್ಲಿ ತುಳು, ಸರ್ಕಾರಿ ಕಾಗದಗಳಲ್ಲಿ ಮಲಯಾಳ. ಮದುವೆಯಾಗಿ ಪುತ್ತೂರಿಗೆ ಬಂದ ಮೇಲೆ ಪಕ್ಕದ ಮನೆಯವರಿಂದ ಕೊಂಕಣಿ ಕಲಿತರು. ಇವತ್ತಿಗೂ ಅಡಿಕೆ ಎಣಿಸುವುದು ಮಾತ್ರ ತುಳುವಿನಲ್ಲೇ: ಒಂಜಿ, ರಡ್ಡ್, ಮೂಜಿ. ಸಿಟ್ಟು ಬಂದರೆ ಹವ್ಯಕ ಭಾಷೆ!

2011ರ ಜನಗಣತಿಯಲ್ಲಿ ಮಾತೃಭಾಷೆಯ ಜೊತೆಗೆ ತಿಳಿದಿರುವ ಬೇರೆ ಎರಡು ಭಾಷೆ ಬರೆಸಲು ಮಾತ್ರ ಅವಕಾಶವಿತ್ತು. ಕನ್ನಡ, ತುಳು, ಮಲಯಾಳ ಬರೆಸಿದರೆ ಕೊಂಕಣಿಗೆ ಜಾಗವೇ ಇಲ್ಲ. ಯಾವ ಭಾಷೆ ಯಾರಿಂದ ಬಂತು, ಎಲ್ಲಿ ನಾಚಿಕೆಯಾಯಿತು, ಎಲ್ಲಿ ಧೈರ್ಯ ಬಂತು ಎನ್ನುವುದು ಯಾವ ಅಂಕಿಯಲ್ಲೂ ಸಿಗುವುದಿಲ್ಲ ಅಲ್ವಾ? ತುಳು ಮಾತಾಡಿದ್ದಕ್ಕೆ ನಾನೇ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತಿದ್ದೇನೆ. ಅದು ಇನ್ನೂ ನೋಯುತ್ತದೆ.

ವಿಯೆನ್ನಾ ವಿಶ್ವವಿದ್ಯಾಲಯದ ಬ್ರಿಗಿಟ್ಟಾ ಬುಶ್ ಅವರು ಇಂಥ ಬದುಕಿನ ಕಥೆಗಳಿಂದಲೇ ಬಹುಭಾಷಿಕತೆಯನ್ನು ಅಧ್ಯಯನ ಮಾಡಿದವರು. ಮನುಷ್ಯನ ದೇಹದ ರೇಖಾಚಿತ್ರಕ್ಕೆ ಭಾಷೆಗೊಂದು ಬಣ್ಣ ತುಂಬಿಸಿ, ಆ ಬಣ್ಣ ಅಲ್ಲೇ ಯಾಕೆ ಎಂದು ಮಾತಾಡಿಸುತ್ತಾರೆ. ಅಮ್ಮನಿಗೂ ಒಂದು ಚಿತ್ರ ಕೊಟ್ಟೆ. ಎರಡೂ ಕೈಗೆ ಹಸಿರು ಬಳಿದು, "ಇದು ತುಳು, ಕೆಲಸದ ಭಾಷೆ" ಎಂದರು.

ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳು ಮಂಗಳೂರಿನಲ್ಲೇ ಇವೆ. ಒಟ್ಟಾಗಿ ಕಾಲೇಜು ಮಕ್ಕಳನ್ನು ಕಳಿಸಿ ಹಿರಿಯರ ಭಾಷೆಯ ಕಥೆಗಳನ್ನು ಬೇಗ ರೆಕಾರ್ಡ್ ಮಾಡಿಸಲಿ. ನಮ್ಮ ಮನೆಯಿಂದಲೇ ಶುರು ಮಾಡಬಹುದು, ಅಮ್ಮ ತಯಾರಿದ್ದಾರೆ.

– ನಿವೃತ್ತ ಶಿಕ್ಷಕಿ, ಪುತ್ತೂರು