ಟನ್ ಲೆಕ್ಕದಲ್ಲಿ ಕಾಣೆಯಾಗುವ ಕನಿಷ್ಠ ಕೂಲಿ

ಮಾನ್ಯ ಸಂಪಾದಕರೇ,

ಮುಧೋಳ, ಜಮಖಂಡಿ ಭಾಗದ ಕಬ್ಬು ಕಟಾವಿಗೆ ಕೂಲಿ ಟನ್ ಲೆಕ್ಕದ್ದು. ಕಡಿಯುವುದು, ರವದಿ (ಒಣಗಿದ ಗರಿ) ಸುಲಿಯುವುದು, ಹೊರೆ ಕಟ್ಟಿ ಹೇರುವುದು ಎಲ್ಲ ಅದರಲ್ಲೇ. ಗಂಡ-ಹೆಂಡತಿ ಇಬ್ಬರು ದುಡಿದರೂ ಲೆಕ್ಕ ಒಂದೇ. ಗಾಳಿ-ಮಳೆಗೆ ನೆಲಕ್ಕೊರಗಿದ ಕಬ್ಬಾದರೆ ದಿನದ ತೂಕ ಇಳಿಯುತ್ತದೆ. ಟ್ರೇಲರ್‌ಗಾಗಿ ಕಾಯ್ದ ತಾಸುಗಳಿಗೆ ಬಿಡಿಗಾಸೂ ಇಲ್ಲ.

ಹೀಗೆ ಮಾಡಿದಷ್ಟಕ್ಕೆ ಕೂಲಿ ಕೊಡುವ ತುಂಡು ಕೆಲಸಕ್ಕೆ ಬೇರೆ ಕನಿಷ್ಠ ದರ ಗೊತ್ತುಮಾಡದಿದ್ದರೆ, ಕೈಗೆ ಬರುವ ಹಣ ಕನಿಷ್ಠ ದಿನಗೂಲಿಗಿಂತ ಕಡಿಮೆಯಾಗಕೂಡದು. 1948ರ ಕನಿಷ್ಠ ವೇತನ ಕಾಯ್ದೆಯ 17ನೇ ಕಲಂ ಹೇಳಿದ್ದು ಇದನ್ನೇ; 2019ರ ವೇತನ ಸಂಹಿತೆಯಲ್ಲೂ ಅದಿದೆ. ಆದರೆ ತಾಸು ಬರೆದಿಡುವವರಿಲ್ಲ, ತೂಕದ ಚೀಟಿ ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮನ ಕಿಸೆಯಲ್ಲಿ. ಕಡಿಮೆ ಬಿತ್ತೆಂದು ಸಾಬೀತು ಮಾಡುವುದಾದರೂ ಹೇಗೆ?

ಗ್ಯಾಂಗಿಗೊಂದು ಹಾಜರಿ ಪುಸ್ತಕವನ್ನು ಕಾರ್ಮಿಕ ಇಲಾಖೆ ಕಡ್ಡಾಯವಾಗಿ ಇಡಿಸಲಿ. ಹೆಂಗಸರ ಹೆಸರು ಬೇರೆಯಾಗಿಯೇ ಇರಲಿ, ಕೂಲಿಯಲ್ಲಿ ಮುರಿದುಕೊಂಡ ಮುಂಗಡವೂ ಅದರಲ್ಲಿ ಕಾಣಲಿ.

– ಓದುಗರು, ಜಮಖಂಡಿ