ಜನರಲ್ ಸಾಹೇಬರ ಕೈಯಾಗ ದೇಶ ಕೊಡೂದೇನು?

ಕ್ಯಾನ್‌ಬೆರಾ

ತೀರ್ಥರೂಪ ಅಪ್ಪಾರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾವಿಲ್ಲೆ ಆರಾಮ ಅದೀವಿ. ಅವ್ವಗ ಮೊಣಕಾಲು ಹೆಂಗೈತಿ ಬರೀರಿ.

ಮೊನ್ನೆ ಫೋನಿನ್ಯಾಗ ಗಣೇಶಪುರದ ಕಾಕಾ, "ಈ ರಾಜಕಾರಣಿಗಳು ಸಾಕು, ಐದು ವರ್ಷ ದೇಶಾನ ಒಬ್ಬ ಜನರಲ್ ಕೈಯಾಗ ಕೊಡ್ರಿ" ಅಂದ್ರಲ್ಲ, ನೀವು ತುಟಿ ಬಿಚ್ಚಲಿಲ್ಲ. ಸೇನಾದ ಮರಾಠಾ ಸೆಂಟರಿನ್ಯಾಗ ಕಸಮ್ ತಗೊಂಡ ಹವಾಲ್ದಾರ್ ನೀವು, ಸುಮ್ಮನಿದ್ದದ್ದಕ್ಕೂ ಏನರ ಅರ್ಥ ಇದ್ದೀತು. ನನಗ ಮಾತ್ರ ತಡಕೊಳ್ಳಾಕ ಆಗವಲ್ದು.

ಇಲ್ಲೆ ಆಸ್ಟ್ರೇಲಿಯಾದವರೂ ಜನರಲ್‌ಗಳನ್ನ ದೊಡ್ಡ ಕುರ್ಚಿ ಮ್ಯಾಲೆ ಕುಂಡರಸ್ತಾರ. ಮೂರೂ ಪಡೆಗಳ ಮುಖ್ಯಸ್ಥರಾಗಿದ್ದ ಪೀಟರ್ ಕಾಸ್‌ಗ್ರೋವ್ 2014ರಿಂದ, ಆಮ್ಯಾಲೆ ಡೇವಿಡ್ ಹರ್ಲಿ 2024ರ ತನಕ ಗವರ್ನರ್ ಜನರಲ್, ಅಂದ್ರ ಇಲ್ಲೆ ಬ್ರಿಟಿಷ್ ರಾಜಮನೆತನದ ಪ್ರತಿನಿಧಿ, ಆಗಿದ್ರು. ಸಂವಿಧಾನದಾಗ ಆ ಕುರ್ಚಿಯವರ ಸೇನಾದ ಕಮಾಂಡರ್ ಇನ್ ಚೀಫ್ ಅಂತ ಬರದೈತಿ. ಆದ್ರ ಮಂತ್ರಿಗಳು ಹೇಳಲಾರ್ದ ಒಂದು ತುಕಡಿನೂ ಅಲ್ಲಾಡಸೂ ಹಂಗಿಲ್ಲ. ನಮ್ಮ ರಾಷ್ಟ್ರಪತಿಗಳ ಕತಿನೂ ಅಷ್ಟ ಅಲ್ಲೇನ್ರಿ.

ಏಪ್ರಿಲ್ 25ಕ್ಕ ಇಲ್ಲೆ ಆನ್‌ಜಾಕ್ ದಿನ, ಯುದ್ಧದಾಗ ಮಡಿದ ಸೈನಿಕರನ್ನ ನೆನೆಯೂ ದಿನ. ನಸುಕಿನ್ಯಾಗ ಯುದ್ಧ ಸ್ಮಾರಕದ ಮುಂದ ಚಳಿಯಾಗ ನಿಂತಿದ್ದೆ. ಬಾಜೂಕ ಒಂದು ಹುಡುಗಿ ಕೋಟಿನ ಬಲಗಡೆ ಪದಕ ಚುಚ್ಚಿಕೊಂಡಿತ್ತು. ಗಳಿಸಿದವರು ಎಡಕ್ಕ ಹಾಕ್ತಾರ, ಮಕ್ಕಳು ಮೊಮ್ಮಕ್ಕಳು ಬಲಕ್ಕ. ಅಷ್ಟು ಮಂದ್ಯಾಗ ಯಾವ ದೊಡ್ಡ ಸಾಹೇಬ ಬಂದಾನ ಅಂತ ಒಬ್ಬರೂ ಕತ್ತೆತ್ತಿ ನೋಡಲಿಲ್ಲ. (ನಿಮ್ಮ ಪದಕ ಟ್ರಂಕಿನ್ಯಾಗ ಹಾಕಿಟ್ಟೀರಿ, ಹೊರಗ ತಗೀರಿ.)

ಇದ ಊರಾಗ ನಮ್ಮ ಕೊಡಗಿನ ಕಾರ್ಯಪ್ಪನವರು 1953ರಿಂದ 56ರ ತನಕ ಭಾರತದ ಹೈಕಮಿಷನರ್ (ರಾಯಭಾರಿ) ಆಗಿದ್ರು. 1949ರ ಜನವರಿ 15ಕ್ಕ ಬ್ರಿಟಿಷ್ ಜನರಲ್ ಬುಚರ್ ಸಾಹೇಬನ ಕೈಯಿಂದ ಭಾರತದ ಸೇನಾ ತಗೊಂಡವರು. ಬಿಳಿಯರಿಗಷ್ಟ ಬಾಗಲಾ ತಗಿಯೂ ಇಲ್ಲಿಯ ಆಗಿನ ವಲಸೆ ನೀತಿ ಸರಿಯಲ್ಲ ಅಂತ ಇಲ್ಲೆ ನಾಕು ಮಂದಿ ಮುಂದನ ಅಂದ್ರು. 1971ರಾಗ ಮುಂಬೈಯಿಂದ ಲೋಕಸಭೆಗೆ ನಿಂತು ಸೋತ್ರು. ವರ್ದಿ ಕಳಚಿಟ್ಟು ಮತ ಕೇಳಿದ್ರು, ಮಂದಿ ಬ್ಯಾಡ ಅಂದ್ರು. ಅದರಾಗ ಏನೂ ತಪ್ಪಿಲ್ಲ.

ಕಾಕಾಗ ಆಗಿನ ಸೇನಾ ಮುಖ್ಯಸ್ಥ ಜನರಲ್ ತಿಮ್ಮಯ್ಯನವರ ಮ್ಯಾಲೆ ಸಿಟ್ಟು. 1959ರಾಗ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೋಡಿ ಕೂಡಿಬರಲಾರ್ದ ರಾಜೀನಾಮೆ ಕೊಟ್ರು, ನೆಹರೂ ಹೇಳಿದ ಕೂಡ್ಲೆ ವಾಪಸ್ ತಗೊಂಡ್ರು. ಅಂಜಿದ್ರು ಅಂತಾರ ಕಾಕಾ. ಅಪ್ಪಾ, ಇಡೀ ಸೇನಾ ಅವರ ಕೈಯಾಗಿತ್ತು, ಅವರು ಎತ್ತಿದ್ದು ಬರೇ ಪೆನ್ನು! ಅದರ ಹಿಂದಿನ ವರ್ಷನ ಗಡಿ ಆಚೆ ಪಾಕಿಸ್ತಾನದ ಜನರಲ್ ಅಯೂಬ್ ಖಾನ್ ಏನ್ ಎತ್ತಿ ಗಾದಿ ಹಿಡಿದ್ರು ಅನ್ನೂದು ಕಾಕಾ ಮರತಾರ.

ನಿಮಗ ಏನ್ ಅನಸ್ತೈತಿ? ಕಾಕಾನ ಮುಂದ ಬ್ಯಾಡಾದ್ರ ನನಗೊಬ್ಬಗ ಬರೀರಿ.

ನಿಮ್ಮ ಮಗ